ಹೊಸ ಲೇತ್ ಏದುಸಿರು ಬಿಡುವುದೇಕೆ?

ಪೆಟ್ಟಿಗೆಯಿಂದ ಇಳಿಸಿ, ಬೋಲ್ಟುಗಳನ್ನು ಬಿಗಿದು, ಮೊದಲ ಮರದ ತುಂಡನ್ನು ಏರಿಸಿದ ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಉಳಿ ತಾಗಿದೊಡನೆ ಗೊಣಗಿ ನಿಂತುಬಿಟ್ಟರೆ, ಅನುಮಾನ ಮೊದಲು ಹೋಗುವುದು ಮೋಟಾರಿನ ಮೇಲೆ. ಆದರೆ ‘ನಿಂತಿತು’ ಎಂಬ ಮಾತಿನಲ್ಲಿ ಒಂದು ಪ್ರಶ್ನೆ ಅಡಗಿದೆ: ನಿಂತದ್ದು ಯಾವುದು? ಮರದ ತುಂಡು ನಿಂತು ಸ್ಪಿಂಡಲ್, ಅಂದರೆ ಅದನ್ನು ತಿರುಗಿಸುವ ದಂಡ, ತಿರುಗುತ್ತಲೇ ಇತ್ತೇ? ಸ್ಪಿಂಡಲ್ ನಿಂತು ಮೋಟಾರು ಓಡುತ್ತಿತ್ತೇ? ಅಥವಾ ಮೋಟಾರೇ ನಿಂತಿತೇ? ಮೋಟಾರಿನಿಂದ ಮರದವರೆಗಿನ ಸರಪಳಿಯಲ್ಲಿ ಚಲನೆ ಎಲ್ಲಿ ಕಡಿದುಹೋಯಿತೋ ದೋಷ ಹೆಚ್ಚಾಗಿ ಅಲ್ಲೇ ಇರುತ್ತದೆ. ಹಾಗಾಗಿ ಇನ್ನೊಮ್ಮೆ ಉಳಿ ತಾಗಿಸುವ ಮುನ್ನ ಪ್ಲಗ್ ಕಿತ್ತು, ಮೋಟಾರಿನ ದಂಡ ಮತ್ತು ಅದರ ಪುಲ್ಲಿಗೆ (ಬೆಲ್ಟು ಓಡುವ ಗಾಲಿಗೆ) ಅಡ್ಡಲಾಗಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಬೇಕು. ಸ್ಪಿಂಡಲ್ ಮತ್ತು ಅದರ ಪುಲ್ಲಿಗೆ ಇನ್ನೊಂದು, ಮರ ಮತ್ತು ಅದನ್ನು ಹಿಡಿದ ಹಲ್ಲಿನ ಸೆಂಟರಿಗೆ ಮತ್ತೊಂದು. ಲೇತ್ ನಿಂತ ಬಳಿಕ ಯಾವ ಗೆರೆ ಎರಡು ತುಂಡಾಗಿದೆಯೆಂದು ನೋಡಿದರೆ ಜಾರಿದ ಜಾಗ ತಾನಾಗಿಯೇ ಕಾಣುತ್ತದೆ.

ಮರದ ಗೆರೆ ಮುರಿದಿದ್ದರೆ ಸೆಂಟರಿನ ಹಲ್ಲುಗಳು ಮರಕ್ಕೆ ಸಾಕಷ್ಟು ಇಳಿದಿಲ್ಲ; ಮರದ ತುದಿಯಲ್ಲಿ ದುಂಡಗೆ ಕೊರೆದ ಗುರುತೂ ಕಾಣುತ್ತದೆ. ಪುಲ್ಲಿಯ ಗೆರೆ ಮುರಿದಿದ್ದರೆ ಅದನ್ನು ದಂಡಕ್ಕೆ ಕಚ್ಚಿಸುವ ಗ್ರಬ್ ಸ್ಕ್ರೂ ಸಡಿಲವಾಗಿದೆ. ಹೊಸ ಯಂತ್ರಗಳು ಸಾಗಣೆಯಲ್ಲಿ ಅದುರಿ ಬರುವುದರಿಂದ ಇದು ಅಚ್ಚರಿಯ ಸಂಗತಿಯೇನಲ್ಲ.

ಗೆರೆಗಳೆಲ್ಲ ಸರಿಯಿದ್ದು, ಸ್ಪಿಂಡಲ್ ನಿಂತಾಗಲೂ ಮೋಟಾರು ಓಡುತ್ತಿದ್ದರೆ ಜಾರುತ್ತಿರುವುದು ಬೆಲ್ಟು. ಹಗ್ಗವನ್ನು ಕಂಬಕ್ಕೆ ಸುತ್ತಿದಾಗ ಸುತ್ತಿನ ಕೋನ ಹೆಚ್ಚಿದಂತೆ ಹಿಡಿತ ಹಲವು ಪಟ್ಟು ಏರುವ ಬಗೆಯನ್ನು 18ನೆಯ ಶತಮಾನದ ಗಣಿತಜ್ಞ ಲೆಯೊನ್‌ಹಾರ್ಡ್ ಆಯ್ಲರ್ ಲೆಕ್ಕಕ್ಕೆ ತಂದಿದ್ದರು. ಬೆಲ್ಟಿಗೂ ಅದೇ ನಿಯಮ: ಎರಡು ಪುಲ್ಲಿಗಳಲ್ಲಿ ಚಿಕ್ಕದರ ಮೇಲೆ ಬೆಲ್ಟು ಸುತ್ತಿಕೊಳ್ಳುವ ಕೋನ ಕಡಿಮೆ, ಆದ್ದರಿಂದ ಜಾರಾಟ ಶುರುವಾಗುವುದು ಸಾಮಾನ್ಯವಾಗಿ ಅಲ್ಲಿ. ಕೀರಲು ದನಿ, ಸುಟ್ಟ ರಬ್ಬರಿನ ವಾಸನೆ, ಪುಲ್ಲಿಯ ಸುತ್ತ ಉದುರಿದ ಕಪ್ಪು ಪುಡಿ ಇದಕ್ಕೆ ಸಾಕ್ಷಿ. ಹಾಗೆಂದು ಬೆಲ್ಟನ್ನು ವೀಣೆಯ ತಂತಿಯಂತೆ ಬಿಗಿದರೆ ಆ ಹೊರೆಯೆಲ್ಲ ಬೇರಿಂಗುಗಳ ಮೇಲೆ ಬೀಳುತ್ತದೆ. ಜಾರಾಟ ನಿಲ್ಲುವಷ್ಟೇ ಬಿಗಿ ಸಾಕು. ವೇಗ ಬದಲಿಸಲೆಂದು ಬೇರೆ ಬೇರೆ ವ್ಯಾಸದ ಮೆಟ್ಟಿಲುಗಳಿರುವ ಪುಲ್ಲಿಗಳಲ್ಲಿ ಬೆಲ್ಟು ಮೇಲೊಂದು ಮೆಟ್ಟಿಲಿನಲ್ಲೂ ಕೆಳಗೆ ಅದಕ್ಕೆ ಜೋಡಿಯಲ್ಲದ ಮೆಟ್ಟಿಲಿನಲ್ಲೂ ಕೂತು ಓರೆಯಾಗಿ ಓಡುತ್ತಿದೆಯೇ ಎಂಬುದನ್ನೂ ನೋಡಬೇಕು.

ಮೋಟಾರೇ ನಿಲ್ಲುತ್ತಿದ್ದರೆ? ಆಗಲೂ ಅದು ಕೆಟ್ಟಿದೆ ಎನ್ನಲಾಗದು. ಉಳಿಯ ತಡೆಯನ್ನು ಮೀರಿ ಮರವನ್ನು ತಿರುಗಿಸುವುದು ಅಶ್ವಶಕ್ತಿಯಲ್ಲ, ಟಾರ್ಕ್, ಅಂದರೆ ತಿರುಗಿಸುವ ಬಲ. ಇದನ್ನು ವೇಗದೊಂದಿಗೆ ಗುಣಿಸಿದಾಗ ಬರುವುದೇ ಶಕ್ತಿ. 1 ಅಶ್ವಶಕ್ತಿಯ, ಅಂದರೆ 746 ವಾಟ್‌ನ ಮೋಟಾರು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಕೊಡುವ ಟಾರ್ಕ್ ಸುಮಾರು 4.75 ನ್ಯೂಟನ್ ಮೀಟರ್. ಉಳಿಯ ಮೊನೆಯಲ್ಲಿ 50 ನ್ಯೂಟನ್ ತಡೆ ಇದೆಯೆಂದುಕೊಳ್ಳೋಣ. 5 ಸೆಂಟಿಮೀಟರ್ ವ್ಯಾಸದ ಕಂಬಕ್ಕೆ ಬೇಕಾಗುವುದು 1.25 ನ್ಯೂಟನ್ ಮೀಟರ್ ಮಾತ್ರ. ಅದೇ ಉಳಿ 30 ಸೆಂಟಿಮೀಟರ್ ಬಟ್ಟಲಿನ ಅಂಚಿಗೆ ತಾಗಿದರೆ 7.5 ಬೇಕು. ಕಂಬವನ್ನು ಸರಾಗವಾಗಿ ಕಡೆದ ಯಂತ್ರವೇ ಬಟ್ಟಲಿನ ಮುಂದೆ ಸೋಲುವುದು ಹೀಗೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ, ಮತ್ತು ನನ್ನ ದೃಷ್ಟಿಯಲ್ಲಿ ‘ಶಕ್ತಿ ಸಾಲದು’ ಎಂಬ ದೂರಿಗೆ ಎಲ್ಲಕ್ಕಿಂತ ಮೊದಲು ಪರಿಶೀಲಿಸಬೇಕಾದದ್ದು ಅದೇ. ದೊಡ್ಡ ಬಟ್ಟಲಿಗೆ ವೇಗ 500ಕ್ಕೆ ಇಳಿಯಬೇಕು. ಬೆಲ್ಟನ್ನು ಬದಲಿಸಿ ಇಳಿಸಿದರೆ, ವೇಗ ಮೂರನೆಯ ಒಂದಕ್ಕೆ ಕುಗ್ಗಿದಷ್ಟೂ ಸ್ಪಿಂಡಲಿನ ಟಾರ್ಕ್ ಮೂರು ಪಟ್ಟಾಗಿ ಸುಮಾರು 14 ನ್ಯೂಟನ್ ಮೀಟರ್ ದೊರೆಯುತ್ತದೆ. ಸೈಕಲ್ಲಿನ ಗೇರಿನ ಲಾಭವೂ ಇದೇ. ಬೆಲ್ಟನ್ನು ಹೆಚ್ಚಿನ ವೇಗದ ಮೆಟ್ಟಿಲಿನಲ್ಲೇ ಬಿಟ್ಟು ವೇಗದ ಗುಂಡಿಯನ್ನಷ್ಟೇ ತಿರುಗಿಸಿದರೆ ಹಾಗಾಗದು. ಎಲೆಕ್ಟ್ರಾನಿಕ್ ನಿಯಂತ್ರಕ ಮೋಟಾರನ್ನೇ ನಿಧಾನಗೊಳಿಸುತ್ತದೆ, ಟಾರ್ಕ್ ಹೆಚ್ಚೆಂದರೆ ಅಷ್ಟೇ ಉಳಿಯುತ್ತದೆ, ಶಕ್ತಿ 250 ವಾಟ್‌ನಷ್ಟಕ್ಕೆ ಕುಸಿಯುತ್ತದೆ. ಕೊಂಡದ್ದು ಒಂದು ಅಶ್ವಶಕ್ತಿಯಾದರೂ ದುಡಿಯುತ್ತಿರುವುದು ಅದರ ಮೂರನೆಯ ಒಂದು ಭಾಗ. ಗುಂಡಿ ಕೈಗೆಟುಕುವಲ್ಲಿದೆ, ಬೆಲ್ಟಿಗೆ ಮುಚ್ಚಳ ತೆರೆಯಬೇಕು. ಸೋಮಾರಿತನಕ್ಕೆ ಇಷ್ಟು ಸಾಕು.

ಬೆಲ್ಟು ಸರಿಯಾದ ಮೆಟ್ಟಿಲಿನಲ್ಲಿದ್ದೂ ಮೋಟಾರು ಸೋತರೆ ವಿದ್ಯುತ್ತಿನ ಹಾದಿಯನ್ನು ಹಿಡಿಯಬೇಕು. 20 ಮೀಟರ್ ಉದ್ದದ, 0.75 ಚದರ ಮಿಲಿಮೀಟರ್ ದಪ್ಪದ ತಾಮ್ರದ ಎಕ್ಸ್‌ಟೆನ್ಶನ್ ತಂತಿಯಲ್ಲಿ ವಿದ್ಯುತ್ತು ಹೋಗಿ ಬರುವ ದಾರಿಯ ರೋಧ ಸುಮಾರು 1 ಓಮ್. 7 ಆಂಪಿಯರ್ ಹರಿಯುವಾಗ ಅಲ್ಲಿ ಕಳೆಯುವುದು 7 ವೋಲ್ಟ್, ಗಮನಕ್ಕೂ ಬಾರದು. ಆದರೆ ಇಂಡಕ್ಷನ್ ಮೋಟಾರು ನಿಲ್ಲುವ ಹಂತಕ್ಕೆ ಬಂದಾಗ ಐದಾರು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. 230ರಲ್ಲಿ 40 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಇಂಥ ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದದ್ದರಿಂದ, ಉಳಿಯುವುದು ಮೂರರಲ್ಲಿ ಎರಡು ಪಾಲು. ಬಲ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ತಂತಿ ಕೈಕೊಡುತ್ತದೆ. ಲೇತನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಎರಡು ವೋಲ್ಟೇಜಿಗೂ ಹೊಂದುವ ಮೋಟಾರಿನ ಒಳಜೋಡಣೆ 230ಕ್ಕೆ ಇದ್ದು ಪೂರೈಕೆ 115 ಆಗಿದ್ದರಂತೂ ಟಾರ್ಕ್ ಕಾಲುಭಾಗಕ್ಕೆ ಇಳಿಯುತ್ತದೆ.

ಕೊನೆಗೆ, ಪ್ಲಗ್ ಕಿತ್ತು ಬೆಲ್ಟನ್ನು ಕಳಚಿ ಸ್ಪಿಂಡಲನ್ನು ಕೈಯಿಂದ ತಿರುಗಿಸಬೇಕು. ಹೊಸ ಬೇರಿಂಗಿನ ಗ್ರೀಸು ತುಸು ಮಂದವಾಗಿರುವುದು ಸಹಜ. ಆದರೆ ತಿರುವಿ ಬಿಟ್ಟೊಡನೆ ಕಚ್ಚಿದಂತೆ ನಿಂತರೆ ಬೇರಿಂಗನ್ನು ಅತಿಯಾಗಿ ಬಿಗಿದಿದ್ದಾರೆ. ಬೆಲ್ಟಿಲ್ಲದೆಯೂ ಮೋಟಾರು ಗುಂಯ್‌ಗುಟ್ಟುತ್ತಾ ವೇಗ ಹಿಡಿಯಲು ತಿಣುಕಿದರೆ ಕೆಪಾಸಿಟರ್ (ಮೋಟಾರಿಗೆ ಶುರುವಾಗಲು ನೆರವಾಗುವ, ವಿದ್ಯುತ್ತನ್ನು ಕೂಡಿಡುವ ಬಿಡಿಭಾಗ) ಅಥವಾ ಒಳಗಿನ ಸ್ವಿಚ್ಚಿನ ಮೇಲೆ ಶಂಕೆಪಡಬಹುದು. ಪ್ಲಗ್ ಕಿತ್ತ ಬಳಿಕವೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಅದನ್ನು ಮುಟ್ಟುವ ಕೆಲಸ ತಿಳಿದವರದ್ದು. ವಾರಂಟಿಯಿದ್ದರೆ ಮೋಟಾರಿನ ಮುಚ್ಚಳ ತೆರೆಯದೆ, ಬೆಲ್ಟು ಯಾವ ಮೆಟ್ಟಿಲಿನಲ್ಲಿತ್ತು, ಎಷ್ಟು ವೇಗದಲ್ಲಿ ಯಾವ ಭಾಗ ನಿಂತಿತು, ಸಾಕೆಟ್ಟಿನಲ್ಲಿ ಎಷ್ಟು ವೋಲ್ಟ್ ಇತ್ತು ಎಂಬುದನ್ನು ಬರೆದು ಮಾರಿದವರಿಗೆ ಕೊಟ್ಟರೆ ಅವರೂ ಊಹೆಯ ಮೇಲೆ ಮಾತಾಡುವುದು ತಪ್ಪುತ್ತದೆ.