ಸಿಇಟಿ ರ್‍ಯಾಂಕ್ ಬಂದ ಮೇಲೂ ಸೀಟು ಕೈತಪ್ಪುವುದು ಎಲ್ಲಿ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಕ್ಕಳು ಎಂಜಿನಿಯರಿಂಗ್ ಸೀಟು ಕಳೆದುಕೊಳ್ಳುವುದು ಅಂಕ ಸಾಲದೆ ಮಾತ್ರವಲ್ಲ. ರ್‍ಯಾಂಕ್ ಇದ್ದೂ ಕಾಗದಪತ್ರದಲ್ಲೋ, ಬೇಕಾದ ಕಾಲೇಜು-ಶಾಖೆಗಳನ್ನು ಕ್ರಮವಾಗಿ ಬರೆಯುವ ಆಪ್ಷನ್ ಎಂಟ್ರಿಯಲ್ಲೋ ಎಡವುವವರು ಬಹಳ ಮಂದಿ.

ಮೊದಲು 371 ಜೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲು. ಲೆಕ್ಕ ಹಾಕಿ ನೋಡಿ. 60 ಸೀಟಿನ ಒಂದು ಶಾಖೆಯಲ್ಲಿ ಸಿಇಟಿ ಮೂಲಕ ತುಂಬುವುದು 27 ಎಂದುಕೊಳ್ಳೋಣ. ಕಲಬುರಗಿಯಲ್ಲಾದರೆ ಅದರಲ್ಲಿ ಸುಮಾರು 19 ನಮ್ಮವರಿಗೆ. ಬೆಂಗಳೂರಿನಲ್ಲಾದರೆ ಬರೀ ಎರಡು. ಆ ಎರಡೂ ಜಾತಿವಾರು, ಗ್ರಾಮೀಣ, ಕನ್ನಡ ಮಾಧ್ಯಮ ಅಂತ ಹಂಚಿಹೋಗುತ್ತವೆ. ಹಾಗಾಗಿಯೇ ಬೆಂಗಳೂರು ಕಾಲೇಜುಗಳ ಹೈ-ಕ (ಹೈದರಾಬಾದ್ ಕರ್ನಾಟಕ, ನಮ್ಮ ಭಾಗದ ಹಳೆಯ ಹೆಸರು) ಕಟಾಫ್ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಒಂದೇ ವರ್ಷದ ಪಟ್ಟಿ ನಂಬಬೇಡಿ, ಮೂರು ವರ್ಷದ್ದು ಎದುರಿಗಿಟ್ಟುಕೊಳ್ಳಿ. ನೋಡಬೇಕಾದದ್ದು ‘ಜಿಎಂ’ (ಸಾಮಾನ್ಯ ವರ್ಗ) ಕಾಲಂ ಒಂದನ್ನೇ ಅಲ್ಲ, ‘ಜಿಎಂಎಚ್’ ಕೂಡ. ಕೊನೆಯ ‘ಎಚ್’ ಅಂದರೆ ನಮ್ಮ ಭಾಗದ ಸೀಟು.

ಈ 371 ಜೆ ಸೀಟಿಗೆ ಬೇಕಾದ ಅರ್ಹತಾ ಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಚಿತ್ತಾಪುರದವರು ಸೇಡಂ ಕಚೇರಿಗೆ, ಭಾಲ್ಕಿಯವರು ಬಸವಕಲ್ಯಾಣಕ್ಕೆ ಸೇರುತ್ತಾರೆ. ರಿಸಲ್ಟ್ ಬಂದ ಮೇಲೆ ಓಡಾಡಿದರೆ ಅಲ್ಲಿ ಸಾಲು ಉದ್ದ. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮಾಡಿಸಿಡಿ. ಅಂಕಪಟ್ಟಿಯಲ್ಲಿ ‘ಶರಣಬಸಪ್ಪ’, ಜಾತಿ ಪತ್ರದಲ್ಲಿ ‘ಶರಣಬಸವ’, ಅಪ್ಪನ ಹೆಸರಿನ ಮುಂದೆ ಒಂದರಲ್ಲಿ ಅಡ್ಡಹೆಸರು ಇದೆ, ಇನ್ನೊಂದರಲ್ಲಿ ಇಲ್ಲ: ಜಾತಿ ಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿದಾಗ ಪರಿಶೀಲನೆ ನಿಂತುಹೋಗುವುದು ಇಲ್ಲೇ. ಎಲ್ಲವೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇರಲಿ. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಈ ಮೀಸಲಾತಿಗಳನ್ನು ಸಿಇಟಿ ಅರ್ಜಿಯಲ್ಲೇ ಕೇಳಿರಬೇಕು. ಆಮೇಲೆ ನೆನಪಾದರೆ ನಡೆಯುವುದಿಲ್ಲ.

ರ್‍ಯಾಂಕ್‌ನಲ್ಲಿ ಪಿಯುಸಿಯ ಭೌತ, ರಸಾಯನ, ಗಣಿತಕ್ಕೆ ಅರ್ಧ ತೂಕ, ಸಿಇಟಿಗೆ ಅರ್ಧ. ಪಿಯುಸಿಯಲ್ಲಿ ಶೇ 90, ಸಿಇಟಿಯಲ್ಲಿ 180ಕ್ಕೆ 90 ಬಂದರೆ ಒಟ್ಟು 70. ‘ಬೋರ್ಡ್ ಬರೀ ಪಾಸಾದರೆ ಸಾಕು’ ಅನ್ನುವ ಕೋಚಿಂಗ್ ಮಾತು ಸಿಇಟಿಗೆ ಹೊಂದುವುದಿಲ್ಲ.

ಆಪ್ಷನ್ ಎಂಟ್ರಿಯಲ್ಲಿ ತಂತ್ರಾಂಶ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ, ರ್‍ಯಾಂಕಿಗೆ ಸಿಕ್ಕಿದ ಮೊದಲ ಸೀಟಿಗೆ ನಿಲ್ಲುತ್ತದೆ. ‘ಇದಂತೂ ಸಿಗುತ್ತದೆ’ ಎಂದು ಊರ ಕಾಲೇಜನ್ನು ಮೊದಲು ಬರೆದವನಿಗೆ ಅದೇ ಗಂಟು ಬೀಳುತ್ತದೆ, ಕೆಳಗಿನ ಒಳ್ಳೆಯ ಕಾಲೇಜಿನ ತನಕ ಲೆಕ್ಕ ಹೋಗುವುದೇ ಇಲ್ಲ. ಬೇಕಾದದ್ದು ಮೇಲೆ, ಸಿಗುವಂಥದ್ದು ಕೆಳಗೆ. ಅಣಕು ಹಂಚಿಕೆಯಲ್ಲಿ ತೋರಿಸಿದ್ದು ಸೀಟಲ್ಲ. ಅದನ್ನು ನೋಡಿ ಕ್ರಮ ಬದಲಿಸಬಹುದು.

ಕಾಲೇಜು ಆರಿಸುವಾಗ ನೆನಪಿಡಿ, ಗುಣಮಟ್ಟಕ್ಕೆ ಕೊಡುವ ನ್ಯಾಕ್ ಗ್ರೇಡ್ ಇಡೀ ಸಂಸ್ಥೆಯದು. ಒಂದೊಂದು ಕೋರ್ಸಿಗೆ ಬೇರೆಬೇರೆಯಾಗಿ ಸಿಗುವ ಎನ್‌ಬಿಎ ಮಾನ್ಯತೆ ನಿಮ್ಮ ಶಾಖೆಗೆ ಇದೆಯೇ, ಯಾವ ವರ್ಷದವರೆಗೆ ಎಂದು ಬೇರೆಯಾಗಿಯೇ ಕೇಳಿ. ಪ್ಲೇಸ್‌ಮೆಂಟ್ ಫ್ಲೆಕ್ಸ್‌ನಲ್ಲಿ ಅತಿ ದೊಡ್ಡ ಸಂಬಳವಷ್ಟೇ ಇರುತ್ತದೆ. ಆ ಶಾಖೆಯಲ್ಲಿ ಎಷ್ಟು ಜನ ಓದಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬುದನ್ನು ಏಳನೇ ಸೆಮಿಸ್ಟರ್ ಹುಡುಗರ ಬಾಯಿಂದಲೇ ಕೇಳಿ.

ಕಂಪ್ಯೂಟರ್ ಸೈನ್ಸ್ ಹುಚ್ಚಿಗೆ ಹೆಸರಿಲ್ಲದ ಕಾಲೇಜು ಸೇರುವ ಬದಲು 1958ರಿಂದ ಇರುವ ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಸಿವಿಲ್ ಓದುವುದು ನಮ್ಮ ಮಕ್ಕಳಿಗೆ ಎಷ್ಟೋ ಸಲ ಲಾಭ. ಈ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಬಿ ಹುದ್ದೆಗಳ ಶೇ 75, ಗ್ರೂಪ್ ಸಿ ಹುದ್ದೆಗಳ ಶೇ 80 ಸ್ಥಳೀಯರಿಗೇ ಮೀಸಲು. ಲೋಕೋಪಯೋಗಿ, ನೀರಾವರಿ ಇಲಾಖೆ ಬೇಕೆನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಮೊದಲ ಸುತ್ತಿನ ನಂತರ ಚಾಯ್ಸ್ 1 ಅಂದರೆ ಒಪ್ಪಿ ಸೇರುವುದು, 3 ಅಂದರೆ ಸಿಕ್ಕ ಸೀಟು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು, 4 ಅಂದರೆ ಪೂರ್ತಿ ಹೊರಬರುವುದು. ಹೆಚ್ಚಿನವರು ಒತ್ತುವುದು 2, ಅಂದರೆ ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೂ ನಿಲ್ಲುವುದು. ಶುಲ್ಕ ಕಟ್ಟಿದರೆ ಸೀಟು ಉಳಿಯುತ್ತದೆ. ಆದರೆ ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಮೇಲಿರುವುದರಲ್ಲಿ ಸೇರಲು ಮನಸ್ಸಿಲ್ಲದ ಕಾಲೇಜು ಇದ್ದರೆ ಎರಡನೇ ಸುತ್ತಿಗೆ ಮುಂಚೆಯೇ ಅಳಿಸಿಬಿಡಿ.