ಬೀಬಾಪ್: ನನಗೆ ಬರೀ ಗದ್ದಲ, ಗೆಳೆಯರಿಗೆ ಕಣ್ಣೀರು, ಯಾಕೆ?

ಓದುಗರ ಪ್ರಶ್ನೆ: ಜಾಝ್ ಹುಚ್ಚಿನ ಗೆಳೆಯರೊಬ್ಬರು ಚಾರ್ಲಿ ಪಾರ್ಕರ್ ಕೇಳು ಅಂತ ಪೀಡಿಸುತ್ತಲೇ ಇರುತ್ತಾರೆ. ಕೇಳಿದೆ. ಬಸ್ಸು ತಪ್ಪಿಹೋಗುತ್ತೆ ಅಂತ ಯಾರೋ ಸ್ಯಾಕ್ಸೊಫೋನ್ ಊದುತ್ತಾ ಓಡಿದ ಹಾಗಿತ್ತು. ಅವರಿಗೋ ಅದನ್ನು ಕೇಳಿದರೆ ಇವತ್ತಿಗೂ ಕಣ್ಣು ತುಂಬುತ್ತದಂತೆ. ಇಷ್ಟು ಹಳೆಯ ಸಂಗೀತದಲ್ಲಿ ಅಂಥದ್ದೇನಿದೆ? ನನ್ನ ಕಿವಿಯಲ್ಲೇ ಏನಾದರೂ ತೊಂದರೆಯಾ?

ಉತ್ತರ: ಕಿವಿ ಸರಿಯಾಗಿಯೇ ಇದೆ. ಬಸ್ಸಿನ ಮಾತೂ ಪೂರ್ತಿ ಸುಳ್ಳಲ್ಲ. ಗೆಳೆಯರು ನಿಮಗೆ ಕೇಳಿಸಿದ್ದು ಬಹುಶಃ ಪಾರ್ಕರ್ ಅವರ ‘ಕೋ-ಕೋ’ ಇರಬೇಕು, ಬೀಬಾಪ್ ಎಂಬ ಜಾಝ್ ಬಗೆಯದು. 1945ರ ನವೆಂಬರ್ 26ರಂದು ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಆದದ್ದು. ನಿಮಿಷಕ್ಕೆ ಹೆಚ್ಚುಕಡಿಮೆ 300 ಬೀಟ್. ಮೂರು ನಿಮಿಷದೊಳಗೆ ಎಲ್ಲ ಮುಗಿದುಹೋಗುತ್ತದೆ. ಜಾಝ್ ಪ್ರೇಮಿಗಳು ಹೊಸಬರಿಗೆ ಮೊದಲು ಇದನ್ನೇ ಹಾಕುತ್ತಾರೆ, ಈಜು ಕಲಿಸಲು ಬಾವಿಗೆ ತಳ್ಳಿದ ಹಾಗೆ. ನಾನೂ ಹಾಗೆ ತಳ್ಳಿಸಿಕೊಂಡವನೇ. ಎರಡು ನಿಮಿಷಕ್ಕೆ ಆಫ್ ಮಾಡಿ, ಎಷ್ಟೋ ವರ್ಷ ಅದರ ತಂಟೆಗೇ ಹೋಗಲಿಲ್ಲ.

ಒಂದು ಸಿನಿಮಾ ಹಾಡು ತಗೊಳ್ಳಿ. ಅದರ ಭಾವ ಧಾಟಿಯಲ್ಲೇ ಇರುತ್ತದೆ. ಬಚ್ಚಲಮನೆಯಲ್ಲಿ ಯಾರು ಗುನುಗಿದರೂ ಸ್ವಲ್ಪವಾದರೂ ಉಳಿಯುತ್ತದೆ. ಬೀಬಾಪ್‌ನಲ್ಲಿ ಆ ಭಾವವನ್ನು ಹುಡುಕಬೇಕಾದದ್ದು ನುಡಿಸುವವರು ಆ ಗಳಿಗೆಯಲ್ಲಿ ಏನನ್ನು ಆರಿಸಿಕೊಂಡರು, ಏನನ್ನು ಬಿಟ್ಟರು ಎಂಬಲ್ಲಿ. ಆ ಆಯ್ಕೆ ಕೇಳಿಸಲು ಶುರುವಾಗುವವರೆಗೆ ಬರೀ ವೇಗ ಕೇಳಿಸುತ್ತದೆ.

ಇದು ಹುಟ್ಟಿದ ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು. 1940ರ ದಶಕದ ಮೊದಲ ವರ್ಷಗಳು. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ, 118ನೇ ಬೀದಿಯಲ್ಲಿ ಮಿಂಟನ್ಸ್ ಪ್ಲೇಹೌಸ್ ಅಂತ ಒಂದು ಕ್ಲಬ್. ಪಿಯಾನೊದಲ್ಲಿ ಥೆಲೋನಿಯಸ್ ಮಂಕ್, ಡ್ರಮ್ಸ್‌ನಲ್ಲಿ ಕೆನ್ನಿ ಕ್ಲಾರ್ಕ್. ಸಂಜೆಯೆಲ್ಲ ಡ್ಯಾನ್ಸ್ ಬ್ಯಾಂಡ್‌ಗಳಲ್ಲಿ ದುಡಿದ ಕಪ್ಪು ಸಂಗೀತಗಾರರು ರಾತ್ರಿ ಇಲ್ಲಿ ಸೇರಿ ತಮಗೋಸ್ಕರ ನುಡಿಸುತ್ತಿದ್ದರು. ಟ್ರಂಪೆಟ್‌ನ ಡಿಝಿ ಗಿಲೆಸ್ಪಿ ಬಂದರು. ಕ್ಯಾನ್ಸಸ್ ಸಿಟಿಯಿಂದ ಪಾರ್ಕರ್ ಬಂದರು. ಕ್ಲಾರ್ಕ್ ತಾಳ ಹಿಡಿಯುವ ಕೆಲಸವನ್ನು ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್‌ನಿಂದ ತೆಗೆದು ಸಿಂಬಲ್ ಎಂಬ ಲೋಹದ ತಟ್ಟೆಗೆ ವಹಿಸಿದರು. ನಡೆ ಹಗುರವಾಯಿತು. ಇನ್ನು ಇದು ಕೂತು ಕೇಳುವ ಸಂಗೀತ. 1944ರಲ್ಲಿ ಅಮೆರಿಕ ಸರ್ಕಾರ ಕುಣಿತ, ಹಾಡು ಇರುವ ಕ್ಲಬ್‌ಗಳ ಮೇಲೆ ಭಾರಿ ತೆರಿಗೆ ಹಾಕಿತು. ಬರೀ ವಾದ್ಯದವರಿಗೆ ಅದರಿಂದಲೂ ಸ್ವಲ್ಪ ಜಾಗ ಸಿಕ್ಕಿತು.

ಈ ಸಂಗೀತದಲ್ಲಿ ನನಗೆ ಮೊದಲು ಅರ್ಥವಾದ ಭಾವ ದುಃಖವಲ್ಲ, ಸ್ವಾಭಿಮಾನ. ಹಲ್ಲುಕಿರಿದು ರಂಜಿಸುವ ಕೆಲಸ ನಮ್ಮದಲ್ಲ, ಬೇಕಿದ್ದರೆ ಕೂತು ಗಮನ ಕೊಡಿ ಅನ್ನುವ ನಿಲುವು ಅದು. ಅದಕ್ಕೆ ಬೆಲೆಯನ್ನೂ ತೆತ್ತರು. ಪಿಯಾನೊ ಪ್ರತಿಭೆ ಬಡ್ ಪವೆಲ್ 1945ರಲ್ಲಿ ಪೊಲೀಸರ ಹೊಡೆತ ತಿಂದರು. ಆಮೇಲೆ ಆಸ್ಪತ್ರೆಗಳ ಸಹವಾಸ ಅವರಿಗೆ ತಪ್ಪಲೇ ಇಲ್ಲ. ಮಂಕ್ 1951ರಲ್ಲಿ ಕ್ಲಬ್‌ಗಳಲ್ಲಿ ನುಡಿಸುವ ಪರವಾನಗಿ ಕಾರ್ಡ್ ಕಳೆದುಕೊಂಡು, ಆರು ವರ್ಷ ತಮ್ಮದೇ ಊರಿನ ಕ್ಲಬ್‌ಗಳಿಂದ ದೂರ ಉಳಿಯಬೇಕಾಯಿತು.

ಮತ್ತೆ ‘ಕೋ-ಕೋ’ಗೆ ಬರೋಣ. ಅದರ ಕೆಳಗೆ ‘ಚೆರೊಕೀ’ ಎಂಬ 1938ರ ಹಾಡಿದೆ. ಪಾರ್ಕರ್ ಅದರ ಧಾಟಿಯನ್ನು ಪೂರ್ತಿ ಬಿಟ್ಟು, ಧಾಟಿಯ ಕೆಳಗೆ ಸಾಗುವ ಸ್ವರಗುಂಪುಗಳ (ಕಾರ್ಡ್‌ಗಳ) ಚೌಕಟ್ಟು ಮಾತ್ರ ಇಟ್ಟುಕೊಂಡರು. ಅವತ್ತಿನದೇ ಇನ್ನೊಂದು ತುಂಡು ಟೇಕ್, ಅಂದರೆ ಒಂದು ಸಲ ನುಡಿಸಿದ್ದರ ರೆಕಾರ್ಡಿಂಗ್, ಉಳಿದಿದೆ. ಅದರಲ್ಲಿ ಹಳೆಯ ಧಾಟಿ ಶುರುವಾಗಿ ಅರ್ಧಕ್ಕೇ ನಿಂತುಹೋಗುವುದು ಕೇಳಿಸುತ್ತದೆ. ಅಂದಿನ ಅಮೆರಿಕದ ಕೇಳುಗರಿಗೆ ಆ ಹಾಡು ಬಾಯಿಪಾಠ. ಪಾರ್ಕರ್ ಎಲ್ಲಿ ಅದರ ಹತ್ತಿರ ಸುಳಿದರು, ಎಲ್ಲಿ ತಪ್ಪಿಸಿಕೊಂಡು ಹೋದರು ಎಂಬುದು ಅವರಿಗೆ ಕೂಡಲೇ ಗೊತ್ತಾಗುತ್ತಿತ್ತು. ನಮಗೆ ಆ ಅನುಕೂಲವಿಲ್ಲ. ಕಛೇರಿಯಲ್ಲಿ ಕಲ್ಪನಾಸ್ವರ ಹಾಡಿ ಹಾಡಿ ಕೊನೆಗೆ ಕೀರ್ತನೆಯ ಸಾಲಿಗೆ ಬಂದು ಕೂತಾಗ ಸಭೆಯೇ ತಲೆದೂಗುತ್ತದಲ್ವಾ? ಆ ಕೀರ್ತನೆಯನ್ನು ಒಮ್ಮೆಯೂ ಕೇಳದವರಿಗೆ ಆ ಖುಷಿ ಅರ್ಧವೇ. ನಿಮಗೆ ಆದದ್ದೂ ಅದೇ.

ಆಯ್ಕೆ ಅಂದೆನಲ್ಲ, ಅದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ 1947ರ ಅಕ್ಟೋಬರ್ 28ರದ್ದು. ಅವತ್ತು ಪಾರ್ಕರ್ ‘ಎಂಬ್ರೇಸಬಲ್ ಯು’ ಎಂಬ ಪ್ರೇಮಗೀತೆಯನ್ನು ಎರಡು ಸಲ ನುಡಿಸಿದರು. ಪಕ್ಕದಲ್ಲಿ ಟ್ರಂಪೆಟ್ ಹಿಡಿದಿದ್ದವರು 21 ವರ್ಷದ ಮೈಲ್ಸ್ ಡೇವಿಸ್. ಎರಡೂ ಟೇಕ್ ಉಳಿದಿವೆ. ಮೊದಲನೆಯದರಲ್ಲಿ ಪಾರ್ಕರ್ ಆರು ಸ್ವರಗಳ ಪುಟ್ಟ ನುಡಿಯೊಂದನ್ನು ಮೆಲ್ಲಗೆ ಇಡುತ್ತಾರೆ. ಮತ್ತೆ ಅದನ್ನೇ ಸ್ವಲ್ಪ ಜರುಗಿಸಿ ಹೇಳುತ್ತಾರೆ. ಮತ್ತೆ ಹೇಳುತ್ತಾರೆ. ಬೇಕಾದವರ ಮುಂದೆ ಮಾತು ಸಿಗದೆ, ಅದೇ ವಾಕ್ಯವನ್ನು ಬೇರೆ ಬೇರೆ ರೀತಿ ಶುರು ಮಾಡುತ್ತೇವಲ್ಲ, ಹಾಗೆ. ಆಮೇಲೆ ತಟ್ಟನೆ ಮಾತು ಕಟ್ಟೆಯೊಡೆಯುತ್ತದೆ. ಮೂಲ ಹಾಡಿನ ಧಾಟಿ ಹೆಚ್ಚುಕಡಿಮೆ ಮುಖವನ್ನೇ ತೋರಿಸುವುದಿಲ್ಲ. ಈಗ ಎರಡನೇ ಟೇಕ್ ಹಾಕಿ. ಅದೇ ಹಾಡು, ಅದೇ ಜನ, ಅದೇ ದಿನ. ಆ ಆರು ಸ್ವರದ ಶುರುವಾತು ಇಲ್ಲ! ಬೇರೆಯದೇ ದಾರಿ ಹಿಡಿದಿದ್ದಾರೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದ ರಾತ್ರಿ ನನಗೆ ಮೈ ಜುಮ್ಮೆಂದಿತ್ತು. ಮೊದಲೇ ಬರೆದಿಟ್ಟದ್ದನ್ನು ಓದಿದ್ದಲ್ಲ ಅದು. ಒಬ್ಬರು ಯೋಚಿಸುತ್ತಿರುವುದು ಅಲ್ಲಿ ಹಾಗೆಹಾಗೇ ಸಿಕ್ಕಿಬಿದ್ದಿದೆ. ಆಗಿನ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿ ಮೂರ್ನಾಲ್ಕು ನಿಮಿಷಕ್ಕಿಂತ ಜಾಸ್ತಿ ಜಾಗವಿರಲಿಲ್ಲ, ಹಾಗಾಗಿ ಸುಮ್ನೆ ಎಳೆಯಲೂ ಆಗದು.

ಇಲ್ಲಿ ಒಂದು ತಕರಾರು ಹೇಳಿಬಿಡುತ್ತೇನೆ. ಪಾರ್ಕರ್ ಅಂದರೆ ಕಣ್ಣೀರು ಎಂಬ ಮಾತಿಗೆ ದೊಡ್ಡ ಕಾರಣ ಅವರ ಬದುಕಿನ ಕಥೆ. ಹೆರಾಯಿನ್, ಕುಡಿತ, 1955ರ ಮಾರ್ಚ್ 12ರಂದು 34ಕ್ಕೇ ಸಾವು. ದೇಹ ನೋಡಿದ ವೈದ್ಯರು ವಯಸ್ಸು 50 ದಾಟಿದೆ ಅಂದುಕೊಂಡಿದ್ದರು. ಈ ಕಥೆ ಗೊತ್ತಿದ್ದವರು 1946ರ ಜುಲೈ 29ರ ‘ಲವರ್ ಮ್ಯಾನ್’ ಕೇಳಿ ಅಳುತ್ತಾರೆ. ಲಾಸ್ ಏಂಜಲಿಸ್‌ನ ಆ ಸ್ಟುಡಿಯೊದಲ್ಲಿ ಅವರಿಗೆ ಸರಿಯಾಗಿ ನಿಲ್ಲಲೂ ಆಗುತ್ತಿರಲಿಲ್ಲ. ಶುರು ಮಾಡಬೇಕಾದ ಜಾಗ ತಪ್ಪುತ್ತದೆ, ಸ್ವರ ತಡವರಿಸುತ್ತದೆ. ಅಂದು ರಾತ್ರಿಯೇ ಹೋಟೆಲ್‌ನಲ್ಲಿ ಗಲಾಟೆ, ಬಂಧನ. ಆಮೇಲೆ ಕ್ಯಾಮರಿಲೊ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು ಆರು ತಿಂಗಳು. ಆ ರೆಕಾರ್ಡ್ ಹೊರಗೆ ಬಂದಾಗ ಪಾರ್ಕರ್ ಸಿಟ್ಟಾದರು. ನನಗನ್ನಿಸುವುದು ಅವರದ್ದೇ ಸರಿ ಅಂತ. ಅಲ್ಲಿ ನಾವು ಅಳುವುದು ಕಾಯಿಲೆ ಬಿದ್ದ ಮನುಷ್ಯನಿಗಾಗಿ. ಅದು ತಪ್ಪಲ್ಲ, ಆದರೆ ಅವರ ಕಲೆ ಅಲ್ಲಿಲ್ಲ.

ಕಲೆ ಬೇಕಾದರೆ 1948ರ ‘ಪಾರ್ಕರ್ಸ್ ಮೂಡ್’ ಕೇಳಿ. ನಿಧಾನದ ಬ್ಲೂಸ್, ಅಂದರೆ ಕಪ್ಪು ಅಮೆರಿಕನ್ನರ ನೋವಿನ ಹಾಡಿನ ಬಗೆ. ಶುರುವಿನಲ್ಲಿ ಯಾರನ್ನೋ ಕೂಗಿ ಕರೆದಂಥ ಒಂದು ಸಾಲು, ಕೊನೆಗೂ ಅದೇ ಸಾಲು. ನಡುವೆ ಅಳುವಿನ ಹತ್ತಿರ ಬಂದ ಸ್ವರ ಕೊಂಚ ಬಾಗುತ್ತದೆ, ಒಡೆಯುವುದಿಲ್ಲ. ಹಿಡಿತ ಒಂದು ಕಡೆಯೂ ಸಡಿಲಾಗುವುದಿಲ್ಲ, ಅದಕ್ಕೇ ಅದು ಜಾಸ್ತಿ ನಾಟುತ್ತದೆ. ಇದನ್ನು ಕೇಳಿ ಮತ್ತೆ ‘ಕೋ-ಕೋ’ಗೆ ಹೋದರೆ ಆ ಓಟದ ಅಡಿಯಲ್ಲೂ ಇದೇ ಕ್ಯಾನ್ಸಸ್ ಸಿಟಿಯ ಬ್ಲೂಸ್ ಹರಿಯುವುದು ಗೊತ್ತಾಗುತ್ತದೆ.

ಒಮ್ಮೆ ಹಿಡಿದರೆ ಇದು ಎಷ್ಟು ದೂರ ಬರುತ್ತದೆ ನೋಡಿ. ಬಾಸ್ಟನ್‌ನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಪಾರ್ಕರ್ ಪ್ರಭಾವದಲ್ಲೇ ಬೆಳೆದವರು. 1983ರಲ್ಲಿ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜತೆ ‘ಜ್ಯೋತಿ’ ಎಂಬ ರೆಕಾರ್ಡ್ ಮಾಡಿದರು. ಆರ್.ಎ. ರಮಾಮಣಿ ಅವರ ದನಿಯ ಪಕ್ಕದಲ್ಲಿ ಅವರು ಊದುವಾಗಲೂ ಆ ಬ್ಲೂಸಿನ ಕೂಗು ಎಲ್ಲೋ ಕೇಳುತ್ತದೆ. ಕದ್ರಿ ಗೋಪಾಲನಾಥರ ಜತೆ ನುಡಿಸಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ 2015ರಲ್ಲಿ ‘ಬರ್ಡ್ ಕಾಲ್ಸ್’ ತಂದರು. ಪಾರ್ಕರ್ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಬರ್ಡ್’ ಅಂತಲೇ. ಅವರ ಒಂದು ರಚನೆಯನ್ನೂ ಹಾಗೇ ನುಡಿಸದೆ, ಅವುಗಳ ಎಳೆಗಳಿಂದ ಹೊಸದನ್ನು ನೇಯ್ದ ಆಲ್ಬಮ್ ಅದು.

ನಿಮಗೆ ನನ್ನ ಸಲಹೆ ಇಷ್ಟೇ. ಮೊದಲು ‘ಪಾರ್ಕರ್ಸ್ ಮೂಡ್’, ರಾತ್ರಿ, ಹೆಡ್‌ಫೋನ್‌ನಲ್ಲಿ. ಆಮೇಲೊಂದು ದಿನ ‘ಎಂಬ್ರೇಸಬಲ್ ಯು’ನ ಆ ಎರಡು ಟೇಕ್. ಅದಕ್ಕೂ ಮುಂಚೆ ಮೂಲ ಹಾಡನ್ನು ಯಾರಾದರೂ ಹಾಡಿದ್ದನ್ನು ನಾಲ್ಕು ಸಲ ಕೇಳಿ, ಬಾಯಲ್ಲಿ ಕೂರಲಿ. ‘ಕೋ-ಕೋ’ ಒಂದು ತಿಂಗಳು ಬೇಡ. ಹಾಕಿದಾಗ ಸ್ಯಾಕ್ಸೊಫೋನ್ ಹಿಂದೆ ಓಡಬೇಡಿ, ಡ್ರಮ್ಸ್ ನುಡಿಸಿರುವ ಮ್ಯಾಕ್ಸ್ ರೋಚ್ ಅವರ ಸಿಂಬಲ್ ಹಿಡಿದುಕೊಳ್ಳಿ. ಗೆಳೆಯರು ಪಕ್ಕದಲ್ಲಿ ಕೂತು ವಿವರಿಸಲು ಬಂದರೆ ಕಾಫಿ ಮಾಡಲು ಅಡುಗೆಮನೆಗೆ ಕಳಿಸಿಬಿಡಿ.