ರೆವಿಟ್ ಕಲಿತರೆ ಬಿಮ್ ಕಲಿತಂತಾಯಿತೇ?

ಪ್ರಶ್ನೆ: ಪುಣೆಯಲ್ಲಿ ಬಿ.ಆರ್ಕ್ ನಾಲ್ಕನೇ ವರ್ಷದಲ್ಲಿ ಓದುತ್ತಿದ್ದೇನೆ. ರೆವಿಟ್ ತಂತ್ರಾಂಶದ ತರಬೇತಿ ಮುಗಿಸಿದ್ದೇನೆ. ಸಂದರ್ಶನಕ್ಕೆ ಹೋದರೆ ಬಿಮ್ (ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್) ಗೊತ್ತೇ ಎಂದು ಕೇಳುತ್ತಾರೆ; ಅಧ್ಯಾಪಕರು ಐಪಿಡಿಯನ್ನೂ (ಇಂಟಿಗ್ರೇಟೆಡ್ ಪ್ರಾಜೆಕ್ಟ್ ಡೆಲಿವರಿ) ಓದು ಎನ್ನುತ್ತಾರೆ. ಇವೆರಡೂ ಬೇರೆ ಬೇರೆಯೇ? ಯಾವುದನ್ನು ಮೊದಲು ಕಲಿಯಬೇಕು?

ಉತ್ತರ: ರೆವಿಟ್ ಬಂದ ಮಾತ್ರಕ್ಕೆ ಬಿಮ್ ಬಂದಂತಾಗುವುದಿಲ್ಲ. ಕಟ್ಟಡದ ಒಂದೊಂದು ಭಾಗದ ಅಳತೆ, ವಸ್ತು, ಪ್ರಮಾಣಗಳ ಮಾಹಿತಿಯನ್ನು ಯಾರು, ಯಾವ ಹಂತದಲ್ಲಿ, ಎಷ್ಟು ವಿವರವಾಗಿ, ಯಾರಿಗೆ ಒಪ್ಪಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ನಡೆಸುವ ಕೆಲಸದ ಕ್ರಮಕ್ಕೆ ಬಿಮ್ ಎನ್ನುತ್ತಾರೆ. ರೆವಿಟ್, ಆರ್ಕಿಕ್ಯಾಡ್‌ಗಳು ಕಟ್ಟಡದ ಮೂರು ಆಯಾಮದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಲು ಆ ಕ್ರಮದಲ್ಲಿ ಬಳಕೆಯಾಗುವ ಸಾಧನಗಳು. 2018ರ ಕೊನೆಯಲ್ಲಿ ಪ್ರಕಟವಾದ, ಬಿಮ್‌ಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 19650ರ ಮೊದಲ ಎರಡು ಭಾಗಗಳನ್ನು ಓದಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿರುವುದು ಮಾಹಿತಿಯ ಹೊಣೆ, ಪರಿಶೀಲನೆ, ಅನುಮೋದನೆಗಳ ವಿಚಾರ.

ಈ ವ್ಯತ್ಯಾಸ ನನಗೆ ಮನದಟ್ಟಾದದ್ದು ಬಾಣೇರ್‌ನ ಒಂದು ಕಚೇರಿ ಕಟ್ಟಡದಲ್ಲಿ. ಅಲ್ಲಿ ಮಹಡಿಯಿಂದ ಮಹಡಿಗೆ 3300 ಮಿ.ಮೀ. ಎತ್ತರ. ಅದರಲ್ಲಿ ಸ್ಲ್ಯಾಬ್ ಸೇರಿದ ತೊಲೆಗೆ 600, ನೆಲಹಾಸಿಗೆ 50 ಹೋದರೆ ಉಳಿಯುವುದು 2650. ಫಾಲ್ಸ್ ಸೀಲಿಂಗ್ ಇರಲಿಲ್ಲ. ಎಸಿಯ ಗಾಳಿ ಸಾಗುವ ಕೊಳವೆಯಾದ ಡಕ್ಟಿನ ಆಳ 200, ಮೇಲೆ ಕೆಳಗೆ 25ರ ಹೊದಿಕೆ ಎಂದು ನಾವು ಮಾದರಿಯಲ್ಲಿ ಹಾಕಿದ್ದೆವು. ಡಕ್ಟಿನ ಕೆಳಗೆ ಸರಿಯಾಗಿ 2400 ಸಿಗುತ್ತಿತ್ತು. ಹವಾನಿಯಂತ್ರಿತ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ ಕನಿಷ್ಠ ಎತ್ತರವೂ ಅಷ್ಟೇ. ಮಾದರಿಯಲ್ಲಿ ಎಲ್ಲಿಯೂ ಡಿಕ್ಕಿ, ಅಂದರೆ ಒಂದೇ ಜಾಗಕ್ಕೆ ಎರಡು ವಸ್ತು ಬರುವುದು, ಕಾಣಲಿಲ್ಲ. ಆದರೆ ಆ 200 ಎಂಬುದು ನಮ್ಮ ಅಂದಾಜಾಗಿತ್ತು. ಎಸಿ ಗುತ್ತಿಗೆದಾರರು ನೇಮಕವಾದದ್ದು ನಾಲ್ಕು ಸ್ಲ್ಯಾಬ್‌ಗಳಿಗೆ ಕಾಂಕ್ರೀಟ್ ಹಾಕಿ ಮುಗಿದ ಮೇಲೆ, ಅವರ ಲೆಕ್ಕದಲ್ಲಿ ಡಕ್ಟಿನ ಆಳ 300 ಆಗಿತ್ತು; ಅಂದರೆ ಕೆಳಗೆ ಉಳಿಯುವುದು 2300 ಮಾತ್ರ.

ಐದನೇ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ, ಶಟರಿಂಗ್ ಕೆಲಸದ ವಿಜಯಪುರದ ಮೇಸ್ತ್ರಿಯೊಬ್ಬರು ನನ್ನನ್ನು ಕರೆದು, "ಸಾಹೇಬ್ರ, ಈ ಬೀಮ್‌ನ್ಯಾಗ ಏನರ ತೂತು ಬಿಡೂದು ಐತೇನ್ರಿ?" ಎಂದು ಕೇಳಿದರು. ನಮ್ಮ ಮಾದರಿ ತಿಂಗಳುಗಳ ಹಿಂದೆಯೇ ಉತ್ತರಿಸಿರಬೇಕಾಗಿದ್ದ ಪ್ರಶ್ನೆ ಅದು. ಮರುದಿನದ ಕೆಲಸ ನಿಲ್ಲಿಸಿದೆವು. ಡಕ್ಟುಗಳು ತೊಲೆಗಳ ನಡುವಿನ ಅಂಕಣದಲ್ಲೇ ಓಡುವಂತೆ ಬದಲಿಸಿ, ತಾಮ್ರದ ಕೊಳವೆಗೂ ನೀರು ಹೋಗುವ ಕೊಳವೆಗೂ ಮಾತ್ರ ಸ್ಟ್ರಕ್ಚರಲ್ ಇಂಜಿನಿಯರ್ ಒಪ್ಪಿದ ಜಾಗದಲ್ಲಿ ಸ್ಲೀವ್, ಅಂದರೆ ಕಾಂಕ್ರೀಟಿನಲ್ಲಿ ತೂತು ಉಳಿಸುವ ಪೈಪಿನ ತುಂಡು, ಇಡಿಸಿದೆವು. ಮೇಲಿನ ಮಹಡಿಗಳಲ್ಲಿ ಇದಕ್ಕೆ ಆದ ಖರ್ಚು ಪೈಪಿನ ತುಂಡುಗಳದ್ದಷ್ಟೇ. ಕೆಳಗಿನ ನಾಲ್ಕರಲ್ಲಿ ಕಬ್ಬಿಣ ಎಲ್ಲಿದೆ ಎಂದು ಸ್ಕ್ಯಾನ್ ಮಾಡಿಸಿ, ಗಟ್ಟಿಯಾದ ಕಾಂಕ್ರೀಟನ್ನು ಯಂತ್ರದಿಂದ ಕೊರೆಯುವ ಕೋರ್ ಕಟಿಂಗ್ ಮಾಡಿಸಬೇಕಾಯಿತು. ಆ ಹಣ ಯಾರದು ಎಂಬ ಪ್ರಶ್ನೆ ಬಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಕರಾರನ್ನು ತೋರಿಸಿದರು, ಮತ್ತು ಬೇಸರದ ಸಂಗತಿಯೆಂದರೆ, ಅವರವರ ಕರಾರಿನ ಪ್ರಕಾರ ಎಲ್ಲರೂ ಹೇಳಿದ್ದು ಸರಿಯೇ ಆಗಿತ್ತು.

ಐಪಿಡಿ ಕೈಹಾಕುವುದು ಈ ಜಾಗಕ್ಕೆ. ಅದು ಮೂಲತಃ ಕರಾರಿನ ಒಂದು ಬಗೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಎಐಎ 2007ರಲ್ಲಿ ಇದರ ಬಗ್ಗೆ ಮಾರ್ಗದರ್ಶಿಯನ್ನು ಪ್ರಕಟಿಸಿತು. ಮಾಲೀಕರು, ವಾಸ್ತುಶಿಲ್ಪಿ, ಮುಖ್ಯ ಗುತ್ತಿಗೆದಾರರು ಒಂದೇ ಕರಾರಿಗೆ ಸಹಿ ಹಾಕುತ್ತಾರೆ. ಎಸಿ, ವಿದ್ಯುತ್ತಿನಂಥ ಮುಖ್ಯ ಕೆಲಸಗಳವರು ವಿನ್ಯಾಸದ ಹಂತದಲ್ಲೇ ಬಂದು ಕೂರುತ್ತಾರೆ. ಗುರಿವೆಚ್ಚವನ್ನು ಒಟ್ಟಾಗಿ ನಿರ್ಧರಿಸಿ, ಎಲ್ಲರೂ ತಮ್ಮ ಲಾಭವನ್ನು ಅದಕ್ಕೆ ಕಟ್ಟಿಹಾಕಿಕೊಳ್ಳುತ್ತಾರೆ. ವೆಚ್ಚ ಮೀರಿದರೆ ಎಲ್ಲರ ಲಾಭವೂ ಕರಗುತ್ತದೆ, ಉಳಿದರೆ ಎಲ್ಲರಿಗೂ ಪಾಲು. ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೊ ವ್ಯಾಲಿಯಲ್ಲಿ ಸಟರ್ ಹೆಲ್ತ್ ಎಂಬ ಆರೋಗ್ಯ ಸಂಸ್ಥೆ ಕಟ್ಟಿಸಿದ ಆಸ್ಪತ್ರೆಗೆ ಹೀಗೆ 11 ಪಕ್ಷಗಳು ಒಂದೇ ಕರಾರಿಗೆ ಸಹಿ ಹಾಕಿದ್ದವು.

ಹಾಗಾಗಿ ಒಂದಿದ್ದು ಇನ್ನೊಂದು ಇಲ್ಲದಿರಬಹುದು. ಬ್ರಿಟನ್ 2016ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಕಡ್ಡಾಯ ಮಾಡಿತು, ಐಪಿಡಿಯನ್ನಲ್ಲ. ನಮ್ಮಲ್ಲೂ ಮಹಾರಾಷ್ಟ್ರದ ಮೆಟ್ರೊ ರೈಲು ನಿಗಮ ಮಹಾ-ಮೆಟ್ರೊ ನಾಗಪುರದ ಕಾಮಗಾರಿಗೆ, ಮೂರು ಆಯಾಮಗಳ ಜೊತೆ ಸಮಯ ಮತ್ತು ವೆಚ್ಚವನ್ನೂ ಜೋಡಿಸುವ ಬಿಮ್ ಅಳವಡಿಸಿಕೊಂಡಿತು. ಐಪಿಡಿ ಇಲ್ಲಿ ಬೇರೂರುವುದು ಕಷ್ಟ. ವಿನ್ಯಾಸ ಮುಗಿಸಿ, ಟೆಂಡರ್ ಕರೆದು, ಕಡಿಮೆ ದರ ಬರೆದವರಿಗೆ ಕೆಲಸ ಕೊಡುವ ಪದ್ಧತಿಯಲ್ಲಿ, ಎಸಿಯವರನ್ನು ವಿನ್ಯಾಸದ ಮೇಜಿಗೆ ಕರೆಯುವ ಹೊತ್ತಿಗೆ ಅವರು ಯಾರೆಂಬುದೇ ಗೊತ್ತಿರುವುದಿಲ್ಲ. ಆದರೂ ಓದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಬಿಮ್ ಏಕೆ ಅರ್ಧದಲ್ಲಿ ನಿಲ್ಲುತ್ತದೆ ಎಂಬುದು ಐಪಿಡಿ ಓದಿದವರಿಗೆ ಬೇಗ ಅರ್ಥವಾಗುತ್ತದೆ.

ಮೊದಲು ಬಿಮ್ ಕಲಿಯಿರಿ, ಆದರೆ ಒಬ್ಬರೇ ಕುಳಿತು ಬೇಡ. ಪುಣೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ; ಸಿವಿಲ್ ಓದುವ ಒಬ್ಬರನ್ನೂ ಮೆಕ್ಯಾನಿಕಲ್ ಓದುವ ಒಬ್ಬರನ್ನೂ ಜೊತೆಗೆ ಸೇರಿಸಿಕೊಂಡು, ಒಂದೇ ಮಹಡಿಗೆ ಮೂವರೂ ಪ್ರತ್ಯೇಕ ಮಾದರಿ ಮಾಡಿ, ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಐಎಫ್‌ಸಿ ಕಡತಗಳಾಗಿ ಹೊರತೆಗೆದು ಒಂದರ ಮೇಲೊಂದು ಕೂರಿಸಿ. ಸಿಕ್ಕ ಪ್ರತಿಯೊಂದು ಡಿಕ್ಕಿಗೂ ಯಾರು ಸರಿಯಬೇಕು, ಯಾವ ದಿನದೊಳಗೆ, ಯಾರ ಖರ್ಚಿನಲ್ಲಿ ಎಂದು ಒಂದು ಪಟ್ಟಿಯಲ್ಲಿ ಬರೆಯಿರಿ. ಪಟ್ಟಿಯ ಮೊದಲೆರಡು ಕಾಲಮ್‌ಗಳು ಹೇಗೋ ತುಂಬುತ್ತವೆ. ಮೂರನೆಯದರ ಮುಂದೆ ಮೂವರೂ ವಾದಕ್ಕೆ ಬಿದ್ದ ದಿನ ಐಪಿಡಿಯ ಕರಾರನ್ನು ತೆರೆದು ಓದಿ.